ಉಗಿಬಂಡಿಯ ಹೊಗೆಯಲ್ಲಿ ಕಂಡ ನಗರ

1864ರಲ್ಲಿ ಬೆಂಗಳೂರು–ಜೋಲಾರಪೇಟೆ ಮಾರ್ಗ ಸಿದ್ಧವಾದಾಗ ಮಾಲೂರಿನ ಹೊಲಗಳ ನಡುವೆ ಉಗಿಬಂಡಿ ಓಡತೊಡಗಿತು. ಹದಿಮೂರು ವರ್ಷಗಳ ನಂತರ, ದೂರದ ಪ್ಯಾರಿಸ್‌ನಲ್ಲಿ ಕಲಾವಿದ ಕ್ಲಾಡ್ ಮೊನೆ ಇಂಥದೇ ಉಗಿಬಂಡಿಯನ್ನು ಚಿತ್ರಿಸಲು ಸೇಂಟ್ ಲಜಾರ್ ರೈಲು ನಿಲ್ದಾಣಕ್ಕೆ ಬಂದ. ಗಾಜಿನ ಚಾವಣಿ, ನೀಲಿ ಹೊಗೆ, ಹಳಿಗಳ ಪಕ್ಕದ ಜನ: ಇವನ್ನೇ ಹಿಡಿದು ಆತ ಬರೆದದ್ದು 12 ಚಿತ್ರಗಳು.

ರೈಲು ನಿಲ್ದಾಣವೂ ಕಲೆಗೆ ವಸ್ತುವೇ? ಅಂದಿನ ಫ್ರಾನ್ಸಿನಲ್ಲಿ ಇದು ದಿಟ್ಟ ಹೆಜ್ಜೆ. ಸರ್ಕಾರಿ ಮನ್ನಣೆಯ ವಾರ್ಷಿಕ ಪ್ರದರ್ಶನವಾದ 'ಸಲೋನ್'ನಲ್ಲಿ ಪುರಾಣ, ಇತಿಹಾಸಗಳ ಚಿತ್ರಗಳಿಗೇ ಮೇಲಿನ ಸ್ಥಾನ. ಆದರೆ ಊರೇ ಬದಲಾಗಿತ್ತು. 1853ರಿಂದ 1870ರವರೆಗೆ ಆಡಳಿತಾಧಿಕಾರಿ ಓಸ್ಮಾನ್ ಹಳೆಯ ಓಣಿಗಳನ್ನು ಕೆಡವಿಸಿ ಅಗಲವಾದ ರಸ್ತೆಗಳನ್ನು ಮಾಡಿಸಿದ್ದ. ಆ ರಸ್ತೆಗಳಲ್ಲಿ ಓಡಾಡುವವರನ್ನೇ ಹೊಸ ಕಲಾವಿದರು ಚಿತ್ರಕ್ಕೆ ತಂದರು.

ದುಡಿಯುವವರನ್ನೂ ತಂದರು. ಮನೆಯ ಮರದ ನೆಲವನ್ನು ಮಂಡಿಯೂರಿ ಹೆರೆಯುತ್ತಿರುವ ಬರಿಮೈ ಕೂಲಿಗಳನ್ನು 1875ರಲ್ಲಿ ಗುಸ್ತಾವ್ ಕಾಯ್ಬಾಟ್ ಚಿತ್ರಿಸಿದಾಗ ಸಲೋನ್ ಅದನ್ನು ತಿರಸ್ಕರಿಸಿತು. ಮರುವರ್ಷ 'ಇಂಪ್ರೆಷನಿಸ್ಟ್' ಗೆಳೆಯರ ಪ್ರದರ್ಶನದಲ್ಲಿ ಅದಕ್ಕೆ ಗೋಡೆ ಸಿಕ್ಕಿತು.

ಅದೇ ಕಾಲದಲ್ಲಿ ಕೋಲಾರ ಜಿಲ್ಲೆಯಲ್ಲೂ ಹೊಸ ನಗರವೊಂದು ಏಳುತ್ತಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಒಂದು ಕಡೆ ದೊರೆಗಳ ಬಂಗಲೆ, ಇನ್ನೊಂದು ಕಡೆ ಕೂಲಿಗಳ ಲೈನುಮನೆ. ಈ ಬದುಕು ನಮಗಿಂದು ಕಾಣಸಿಗುವುದು ಹೆಚ್ಚಾಗಿ ಹಳೆಯ ಛಾಯಾಚಿತ್ರಗಳಲ್ಲಿ.

2001ರಲ್ಲಿ ಗಣಿ ಮುಚ್ಚಿತು. ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ಕೆಲಸ ಕಳೆದುಕೊಂಡ ಕುಟುಂಬಗಳು. ಈಗ ಕೆಜಿಎಫ್, ಬಂಗಾರಪೇಟೆ, ಮಾಲೂರುಗಳಿಂದ ಜನ ಬೆಳಗಾಗುತ್ತಲೇ ರೈಲು ಹತ್ತಿ ಬೆಂಗಳೂರಿನ ದುಡಿಮೆಗೆ ಹೋಗುತ್ತಾರೆ. ಮೊನೆ ಬರೆದ ನಿಲ್ದಾಣಕ್ಕೂ ಪ್ಯಾರಿಸ್ ಹೊರವಲಯದಿಂದ ಇಂಥವರೇ ಬಂದಿಳಿಯುತ್ತಿದ್ದರು.

ಆ ಚಿತ್ರಗಳಿಗೆ ಇಂದು ಕೋಟ್ಯಂತರ ರೂಪಾಯಿ ಬೆಲೆ. ಆದರೆ ಅವುಗಳ ನಿಜವಾದ ಕಾಣಿಕೆ ಬೇರೆ. ಕಣ್ಣೆದುರಿನ ಸಾಮಾನ್ಯ ಮನುಷ್ಯನ ಬದುಕು, ಅದು ಮರೆಯಾಗುವ ಮುನ್ನವೇ, ದಾಖಲೆಗೆ ಅರ್ಹ ಎಂದು ಅವು ತೋರಿಸಿಕೊಟ್ಟವು. ಗಣಿಯ ನೆನಪುಳ್ಳ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗ ಕೋಲಾರ ಜಿಲ್ಲೆ ಮರೆಯಬಾರದ ಮಾತಿದು.