ತರಂಗವಿದ್ಯೆಯ ಪರಂಪರೆಯೂ ತೆಂಗಿನ ಸೀಮೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ಸೀಮೆಯು ತೆಂಗಿಗೆ ಪ್ರಸಿದ್ಧವಾದುದು. ಇಲ್ಲಿಯ ರೈತರು ಕಾಯನ್ನು ಕೆಡವಿದ ಕೂಡಲೆ ಮಾರಿಬಿಡದೆ, ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಿಸಿ, ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು ಉಂಡೆ ಕೊಬ್ಬರಿಯನ್ನು ತೆಗೆಯುವರು. ಕಾಯಿ ಪಕ್ವವಾಯಿತೋ ಇಲ್ಲವೋ ಎಂಬುದನ್ನು ಒಡೆದು ನೋಡುವ ಹಾಗಿಲ್ಲ. ಒಡೆದರೆ ಕಾಯೇ ಕೆಡುವುದು. ಆದುದರಿಂದ ಕಿವಿಯ ಬಳಿ ಹಿಡಿದು ಕುಲುಕಿ, ಉಂಡೆಯು ಚಿಪ್ಪಿಗೆ ತಾಗುವ ಸದ್ದನ್ನು ಕೇಳಿ, ಒಳಗಿನ ಸ್ಥಿತಿಯನ್ನು ನಿಶ್ಚಯಿಸುವರು. ಕಣ್ಣಿಗೆ ಕಾಣದುದನ್ನು ಹೊರಗಿನ ಲಿಂಗವೊಂದರಿಂದ ತಿಳಿಯುವ ಈ ಕ್ರಮವನ್ನು ಶಾಸ್ತ್ರಕಾರರು ಅನುಮಾನವೆಂದು ಕರೆದಿರುವರು.

ಇದೇ ಕ್ರಮವನ್ನು ನೂರಾರು ಕಿಲೋಮೀಟರುಗಳ ಎತ್ತರದಿಂದ ನಡೆಯಿಸುವ ವಿದ್ಯೆಯೊಂದು ಈಗ ಬೆಳೆದು ನಿಂತಿದೆ. ರೇಡಿಯೋ ತರಂಗವನ್ನು ಕೆಳಕ್ಕೆ ಬಿಟ್ಟು, ಅದು ನೆಲಕ್ಕೂ ಮರಕ್ಕೂ ನೀರಿಗೂ ತಾಗಿ ಮರಳಿದಾಗ ಆ ಮಾರ್ದನಿಯಿಂದ ಚಿತ್ರವನ್ನು ಕಟ್ಟುವ ರಾಡಾರ್ ವಿದ್ಯೆಯೇ ಅದು. ಈ ವಿದ್ಯೆಯು ಕನ್ನಡನಾಡಿನಲ್ಲಿ ಹೇಗೆ ನೆಲೆಗೊಂಡಿತು, ಅದರ ಗುರುಪರಂಪರೆ ಯಾವುದು, ತೆಂಗಿನ ಸೀಮೆಗೆ ಅದರಿಂದ ಬರತಕ್ಕ ಫಲವೆಷ್ಟು, ಅದರ ಮಿತಿ ಎಲ್ಲಿಯದು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಪುರಾಣಗಳಲ್ಲಿ ಅಶರೀರವಾಣಿಯ ಪ್ರಸ್ತಾಪವಿರುವುದರಿಂದ ರೇಡಿಯೋ ವಿದ್ಯೆಯು ಪ್ರಾಚೀನರಿಗೆ ತಿಳಿದಿದ್ದಿತೆಂದು ಸಾಧಿಸುವವರುಂಟು. ಶಬ್ದವು ಆಕಾಶದ ಗುಣವೆಂಬ ವೈಶೇಷಿಕ ಮತವನ್ನೂ, ಶಬ್ದದಿಂದ ಶಬ್ದವು ಹುಟ್ಟುತ್ತ ಹಬ್ಬುವ ಕ್ರಮಕ್ಕೆ ವಿಶ್ವನಾಥ ಪಂಚಾನನನು ಕಾರಿಕಾವಲಿಯಲ್ಲಿ ಹೇಳಿರುವ ವೀಚೀತರಂಗ, ಕದಂಬಗೋಲಕ ಎಂಬೆರಡು ನ್ಯಾಯಗಳನ್ನೂ ಅವರು ಆಧಾರವಾಗಿ ತೋರಿಸುವರು. ನೀರಿನ ಅಲೆಯಂತೆ ಒಂದರಿಂದೊಂದು ಹುಟ್ಟುತ್ತ ಸುತ್ತಲೂ ಹಬ್ಬುವುದು ಮೊದಲನೆಯದು. ಕದಂಬದ ಮೊಗ್ಗಿನ ಕೇಸರಗಳಂತೆ ಹತ್ತು ದಿಕ್ಕಿಗೂ ಬೇರೆ ಬೇರೆಯಾಗಿ ಹೊರಡುವುದು ಎರಡನೆಯದು. ಉಪಮಾನಗಳು ರಮ್ಯವಾದುವೇ ಸರಿ. ಆದರೆ ಆ ಗ್ರಂಥಗಳು ಹೇಳುವುದು ಕಿವಿಗೆ ಕೇಳುವ ಶಬ್ದವನ್ನು ಕುರಿತು. ರೇಡಿಯೋ ತರಂಗವು ಶಬ್ದವಲ್ಲ, ಬೆಳಕಿನ ಜಾತಿಯದು. ಉಪಮಾನವನ್ನು ಪ್ರಮಾಣವೆಂದು ಹಿಡಿದರೆ ಶಾಸ್ತ್ರಕ್ಕೂ ಅಪಚಾರ, ಚರಿತ್ರೆಗೂ ಅಪಚಾರ. ನಿಜವಾದ ಪರಂಪರೆಯನ್ನು ಮರೆತು ಕಲ್ಪಿತವಾದುದನ್ನು ಹೊಗಳುವುದರಿಂದ, ದುಡಿದವರ ಹೆಸರು ಮರೆಯಾಗುವುದೇ ಫಲ.

ನಿಜವಾದ ಪರಂಪರೆಯಾದರೋ ಈ ರೀತಿಯದು. ಜರ್ಮನಿಯ ಹೈನ್ರಿಖ್ ಹರ್ಟ್ಸನು 1886ರಿಂದ 1888ರ ವರೆಗಿನ ಪ್ರಯೋಗಗಳಲ್ಲಿ ಈ ತರಂಗಗಳನ್ನು ಉತ್ಪಾದಿಸಿ ತೋರಿಸಿದನು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು 1895ರಲ್ಲಿ ಅವನ್ನು ಸಭಿಕರೆದುರು ಪ್ರದರ್ಶಿಸಿದರಲ್ಲದೆ, ಕೆಲವು ಮಿಲಿಮೀಟರುಗಳಷ್ಟೇ ಉದ್ದವಾದ ಸೂಕ್ಷ್ಮ ತರಂಗಗಳ ಮೇಲೆ ಕೆಲಸಮಾಡಿದರು. ಕನ್ನಡನಾಡಿನಲ್ಲಿ ಈ ವಿದ್ಯೆಯು ಜನರ ಕಿವಿಗೆ ಬಿದ್ದುದು 1935ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಾದ ವಿಠ್ಠಲವಿಹಾರದಲ್ಲಿ ಖಾಸಗಿಯಾಗಿ ಪ್ರಸಾರಕೇಂದ್ರವೊಂದನ್ನು ಸ್ಥಾಪಿಸಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಬಂದಿತು. ಆ ದಶಕದಲ್ಲಿಯೇ ಈ ಹೆಸರು ಭಾರತದ ಬಾನುಲಿಗೆಲ್ಲ ಸಂದಿತು. ಪುರಾಣದ ಪದವು ರೇಡಿಯೋವಿಗೆ ಅನ್ವಯಿಸಿದುದು ಹೀಗೆ, ಇಪ್ಪತ್ತನೆಯ ಶತಮಾನದಲ್ಲಿ.

ಅದೇ 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿಯ ಬಳಿ ವಾಟ್ಸನ್ ವಾಟ್ ಎಂಬವರು, ಹಾರುವ ವಿಮಾನಕ್ಕೆ ತಾಗಿ ಮರಳಿದ ರೇಡಿಯೋ ತರಂಗವನ್ನು ಗುರುತಿಸಿ ತೋರಿಸಿದರು. ರಾಡಾರಿನ ಉಪಯೋಗವು ಎರಡನೆಯ ಮಹಾಯುದ್ಧದಲ್ಲಿ ಬಲಿತು, ಯುದ್ಧವು ಮುಗಿದ ಮೇಲೆ ವಿದ್ಯಾಶಾಲೆಗಳಿಗೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1911ರಿಂದಲೂ ವಿದ್ಯುತ್ ತಂತ್ರಶಾಸ್ತ್ರದ ಬೋಧನೆ ನಡೆದು ಬಂದಿದ್ದಿತು. 1946ರಲ್ಲಿ ವಿದ್ಯುತ್ ಸಂಪರ್ಕ ಶಾಸ್ತ್ರಕ್ಕೆ ಪ್ರತ್ಯೇಕವಾದ ವಿಭಾಗವೇ ಅಲ್ಲಿ ಏರ್ಪಟ್ಟಿತು.

ಈ ವಿಭಾಗದ ಚರಿತ್ರೆಯಲ್ಲಿ ಅವಶ್ಯವಾಗಿ ಸ್ಮರಿಸತಕ್ಕ ಹೆಸರು ಶ್ರೀಮತಿ ರಾಜೇಶ್ವರಿ ಚಟರ್ಜಿಯವರದು. ಇವರು 1922ನೆಯ ಇಸವಿ ಜನವರಿ 24ರಂದು ನಂಜನಗೂಡಿನಲ್ಲಿ ಜನಿಸಿದರು. ಇವರ ಅಜ್ಜಿಯವರಾದ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದಲ್ಲಿ ಪದವಿಯನ್ನು ಪಡೆದ ಮೊದಮೊದಲಿನ ಮಹಿಳೆಯರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ಎಂ. ಎಸ್‌ಸಿ. ಪದವೀಧರೆಯಾಗಿ, 1943ರಲ್ಲಿ ವಿಜ್ಞಾನ ಮಂದಿರವನ್ನು ಸೇರಿದರು. 1947ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1953ರಲ್ಲಿ ಡಾಕ್ಟರ್ ಪದವಿಯನ್ನು ಸಂಪಾದಿಸಿ, ಅದೇ ವರ್ಷ ಹಿಂದಿರುಗಿ ವಿಜ್ಞಾನ ಮಂದಿರದಲ್ಲಿಯೇ ಅಧ್ಯಾಪಿಕೆಯಾದರು. ಸಹೋದ್ಯೋಗಿಗಳಾದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾಗಿ, ದಂಪತಿಗಳಿಬ್ಬರೂ ಸೂಕ್ಷ್ಮತರಂಗಗಳ ಸಂಶೋಧನಾಲಯವನ್ನು ಕಟ್ಟಿ ಬೆಳಸಿದರು. 1982ರಲ್ಲಿ ನಿವೃತ್ತರಾಗುವ ವರೆಗೆ ಇವರು ಆಂಟೆನಾಗಳ ಶಾಸ್ತ್ರವನ್ನು ಪಾಠ ಹೇಳಿ, ನೂರಕ್ಕೂ ಮಿಕ್ಕ ಲೇಖನಗಳನ್ನು ಪ್ರಕಟಿಸಿ, ಇಪ್ಪತ್ತು ಮಂದಿ ಶಿಷ್ಯರನ್ನು ಡಾಕ್ಟರ್ ಪದವಿಗೆ ಸಿದ್ಧಗೊಳಿಸಿದರು. 2010ರ ಸೆಪ್ಟೆಂಬರ್ 3ರಂದು ಇವರು ದಿವಂಗತರಾದರು. ಕನ್ನಡನಾಡಿನ ಪ್ರಥಮ ಮಹಿಳಾ ಇಂಜಿನಿಯರೆಂದು ಇವರನ್ನು ಕರೆಯುವುದು ವಾಡಿಕೆ. ಆದರೆ ಪ್ರಥಮರೆಂಬ ಮಾತಿಗಿಂತಲೂ, ಶಿಷ್ಯಪರಂಪರೆಯೊಂದನ್ನು ನಿಲ್ಲಿಸಿದರೆಂಬ ಮಾತೇ ಇವರಿಗೆ ಹೆಚ್ಚಿನ ಗೌರವವನ್ನು ತರುವುದು.

ಆಂಟೆನಾ ಎಂಬುದರ ಕೆಲಸವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಯಬೇಕು. ತಡೆಯಿಲ್ಲದೆ ಬಿಟ್ಟರೆ ತರಂಗವು ಸುತ್ತಲೂ ಹಬ್ಬಿ ಕ್ಷೀಣಿಸುವುದು. ಅದನ್ನು ಬೇಕಾದ ಒಂದು ದಿಕ್ಕಿಗೆ ಕೂಡಿಸಿ ಕಳುಹಿಸುವುದೂ, ಮರಳಿ ಬಂದ ಕ್ಷೀಣವಾದ ಅಂಶವನ್ನು ಹಿಡಿಯುವುದೂ ಆಂಟೆನಾದ ಕಾರ್ಯ. ಇದನ್ನು ಲೋಹದಿಂದಲೇ ಮಾಡಬೇಕೆಂಬ ನಿಯಮವಿಲ್ಲ. ವಿದ್ಯುತ್ತನ್ನು ಹರಿಯಗೊಡದೆಯೇ ತರಂಗದ ವೇಗವನ್ನು ಕುಗ್ಗಿಸಿ ದಾರಿಯನ್ನು ಬಾಗಿಸುವ ಡೈಎಲೆಕ್ಟ್ರಿಕ್ ವಸ್ತುಗಳಿಂದಲೂ ಆಂಟೆನಾವನ್ನು ಮಾಡಬಹುದು. ರಾಜೇಶ್ವರಿ ಚಟರ್ಜಿಯವರು ಇಂಥ ಆಂಟೆನಾಗಳನ್ನು ಕುರಿತೇ ಒಂದು ಗ್ರಂಥವನ್ನು ರಚಿಸಿರುವರು. ವಸ್ತುವಿನ ಈ ಗುಣವನ್ನು ಅಳೆಯುವ ಅಂಕವು ಒಣಮಣ್ಣಿಗೆ ಮೂರು ನಾಲ್ಕರಷ್ಟು. ನೀರಿಗಾದರೋ ಸುಮಾರು 80. ಆದಕಾರಣ ಮಣ್ಣಿನಲ್ಲಿಯಾಗಲಿ ಮರದಲ್ಲಿಯಾಗಲಿ ತೇವವು ಏರಿದರೂ ಇಳಿದರೂ ಮಾರ್ದನಿಯು ಬೇರೆಯಾಗುವುದು. ಪ್ರಯೋಗಶಾಲೆಯ ಮೇಜಿನ ಮೇಲೆ ಆಂಟೆನಾವನ್ನು ವಿವರಿಸಿದ ತತ್ತ್ವವೇ ತೋಟದ ನೆಲವನ್ನೂ ವಿವರಿಸುವುದು.

ವಿದ್ಯೆಯ ಮುಂದಿನ ಹೆಜ್ಜೆಯು ಚಿತ್ರ ಕಟ್ಟುವುದು. ಸ್ಫುಟವಾದ ಚಿತ್ರಕ್ಕೆ ಅಗಲವಾದ ಆಂಟೆನಾ ಬೇಕು. 24 ಸೆಂಟಿಮೀಟರು ಅಲೆಯುದ್ದದ ತರಂಗದಿಂದ 747 ಕಿಲೋಮೀಟರು ಎತ್ತರದಲ್ಲಿ ನಿಂತು ಹತ್ತು ಮೀಟರಿನ ವಿವರವನ್ನು ಕಾಣಬೇಕಾದರೆ ಸುಮಾರು 18 ಕಿಲೋಮೀಟರು ಅಗಲದ ಆಂಟೆನಾ ಬೇಕೆಂದು ಲೆಕ್ಕದಿಂದ ಬರುವುದು, ಇದು ಅಸಾಧ್ಯ. ಅಮೆರಿಕೆಯ ಕಾರ್ಲ್ ವೈಲಿ ಎಂಬವರು 1951ರಲ್ಲಿ ಇದಕ್ಕೆ ಉಪಾಯವನ್ನು ಕಂಡರು. ಚಿಕ್ಕ ಆಂಟೆನಾವೇ ಚಲಿಸುತ್ತ, ದಾರಿಯುದ್ದಕ್ಕೂ ಪಡೆದ ಮಾರ್ದನಿಗಳನ್ನೆಲ್ಲ ಕೂಡಿಟ್ಟು ಗಣಿತದಿಂದ ಒಂದುಗೂಡಿಸಿದರೆ, ದೊಡ್ಡ ಆಂಟೆನಾದ ಫಲವೇ ದೊರೆಯುವುದು. 1978ರಲ್ಲಿ ಹಾರಿದ ಸೀಸ್ಯಾಟ್ ಉಪಗ್ರಹವು ಈ ಕ್ರಮದಿಂದ ಅಂತರಿಕ್ಷದಿಂದ ಭೂಮಿಯ ಚಿತ್ರಗಳನ್ನು ತೆಗೆದಿತು.

ಅಷ್ಟರಲ್ಲಿ ಕನ್ನಡನಾಡಿನಲ್ಲಿಯೂ ಭೂಮಿಕೆ ಸಿದ್ಧವಾಗುತ್ತಿದ್ದಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ, 1962ರಲ್ಲಿ ರಾಡಾರಿಗೆಂದೇ ಮೀಸಲಾದ ರಕ್ಷಣಾ ಸಂಶೋಧನಾಲಯವೂ ಬೆಂಗಳೂರಿನಲ್ಲಿ ನೆಲೆಗೊಂಡವು. ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ತುಮಕೂರು ರಸ್ತೆಯ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಮೇಲೇರಿತು. ಕೊಬ್ಬರಿಯ ಲಾರಿಗಳು ಬೆಂಗಳೂರಿಗೆ ಬರುವ ದಾರಿಯ ಬದಿಯಲ್ಲಿಯೇ ಭಾರತದ ಮೊದಲ ಉಪಗ್ರಹವು ರೂಪುಗೊಂಡಿತೆಂಬುದು ಗಮನಾರ್ಹ. 2012ರ ಏಪ್ರಿಲ್ 26ರಂದು ಸ್ವದೇಶೀಯ ರಾಡಾರನ್ನು ಹೊತ್ತ ರಿಸ್ಯಾಟ್-1 ಹಾರಿತು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಮೇಲೇರಿದ ನಿಸಾರ್ ಉಪಗ್ರಹವು ಭಾರತ ಅಮೆರಿಕಗಳ ಜಂಟಿ ಪ್ರಯತ್ನದ ಫಲ. ಅದರ ಜೋಡಣೆಯು ಬೆಂಗಳೂರಿನಲ್ಲಿ ನಡೆಯಿತು. 12 ಮೀಟರು ಅಗಲದ ಅದರ ಪ್ರತಿಫಲಕವು ಕೊಡೆಯಂತೆ ಮಡಿಸಿಕೊಂಡು ಹೋಗಿ ಅಂತರಿಕ್ಷದಲ್ಲಿ ಬಿಚ್ಚಿಕೊಂಡಿತು. ಅದು ಎರಡು ಬಗೆಯ ತರಂಗಗಳನ್ನು ಬಳಸಿ, ಸುಮಾರು 240 ಕಿಲೋಮೀಟರು ಅಗಲದ ನೆಲವನ್ನು ಒಮ್ಮೆಗೇ ನೋಡುತ್ತ, 12 ದಿನಗಳಿಗೊಮ್ಮೆ ಅದೇ ದಾರಿಗೆ ಮರಳುವಂತೆ ರಚಿತವಾಗಿದೆ. ಮೋಡವಾಗಲಿ ಇರುಳಾಗಲಿ ಅದಕ್ಕೆ ಅಡ್ಡಿಯಲ್ಲ.

ಇಂಥ ಯಂತ್ರಕ್ಕೆ ತೆಂಗಿನ ಸೀಮೆಯು ಹೇಗೆ ತೋರುವುದು? ಆರು ಸೆಂಟಿಮೀಟರಿಗೂ ಕಿರಿದಾದ ರಿಸ್ಯಾಟಿನ ತರಂಗವು ಬಹುಮಟ್ಟಿಗೆ ತಲೆಯ ಗರಿಗಳಿಂದಲೇ ಮರಳುವುದು. 24 ಸೆಂಟಿಮೀಟರಿನ ತರಂಗವು ಗರಿಗಳ ನಡುವೆ ಇಳಿದು, ನೆಲಕ್ಕೂ ನೆಟ್ಟಗಿರುವ ಕಾಂಡಕ್ಕೂ ತಾಗಿ ಎರಡು ಬಾರಿ ಪುಟಿದು ಬರಬಲ್ಲುದು. ತುರುವೇಕೆರೆಯ ಕಡೆಯ ಮಲ್ಲಾಘಟ್ಟದ ಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯ ಬೋರನಕಣಿವೆಯ ಜಲಾಶಯ, ಇಂಥವುಗಳ ನಿಶ್ಚಲವಾದ ನೀರು ತರಂಗವನ್ನು ಕನ್ನಡಿಯಂತೆ ಆಚೆಗೆ ತಳ್ಳಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುವುದು.

ಇಲ್ಲಿಯೇ ತರ್ಕಶಾಸ್ತ್ರದ ಎಚ್ಚರಿಕೆಯು ಅವಶ್ಯಕ. ಕಪ್ಪಾಗಿದೆ, ಆದುದರಿಂದ ನೀರಿದೆ ಎಂಬ ಹೇತುವು ಸವ್ಯಭಿಚಾರವಾದುದು. ಏಕೆಂದರೆ ನುಣುಪಾದ ಬರಿನೆಲವೂ ಕಪ್ಪು, ಗುಡ್ಡದ ಮರೆಯ ನೆರಳೂ ಕಪ್ಪು. ಬೆಳ್ಳಗಿದೆ, ಆದುದರಿಂದ ತೆಂಗು ಸೊಂಪಾಗಿದೆ ಎಂಬುದೂ ಅಂಥದೇ. ನಡುವೆ ಬೆಳೆದ ಅಡಿಕೆ ಬಾಳೆಗಳೂ ಬೆಳ್ಳಗೆ ತೋರಬಹುದು, ಹಿಂದಿನ ದಿನದ ಮಳೆಯೂ ಗರಿಯನ್ನು ಬೆಳ್ಳಗೆ ಮಾಡಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಹಸಿಯ ಸೌದೆಯು ಸೇರಿದಾಗ ಮಾತ್ರವೇ ಇರುವುದೆಂದು ನೈಯಾಯಿಕರು ಹಸಿಯನ್ನು ಉಪಾಧಿಯೆಂದು ಹೇಳಿದರಷ್ಟೆ. ರಾಡಾರ್ ಚಿತ್ರದಲ್ಲಿಯೂ ಹಸಿಯೇ ಬಹುಮಟ್ಟಿಗೆ ಉಪಾಧಿ. ಚಿತ್ರವು ಪ್ರತ್ಯಕ್ಷವಲ್ಲ, ಅನುಮಾನ. ಅದಕ್ಕೆ ದೃಷ್ಟಾಂತವು ತೋಟದಲ್ಲಿ ನಿಂತು ನೋಡಿದವನ ಕಣ್ಣು.

ಇದು ಕೇವಲ ಪಂಡಿತರ ವಾದವೆಂದು ಭಾವಿಸತಕ್ಕುದಲ್ಲ. ರಾಗಿಯ ಬೆಳೆ ಒಣಗಿದರೆ ನಷ್ಟವು ಆ ವರ್ಷದ್ದು. ತೆಂಗಿನ ಮರ ಸತ್ತರೆ, ಮತ್ತೆ ನೆಟ್ಟ ಸಸಿಯು ಫಲಕ್ಕೆ ಬರಲು ಏಳೆಂಟು ವರ್ಷಗಳು ಬೇಕು. ಮಳೆಯು ಮೇಲಿಂದ ಮೇಲೆ ತಪ್ಪಿ ಕೊಳವೆಬಾವಿಗಳು ಬತ್ತಿದಾಗ, ಯಾವ ಹಳ್ಳಿಗೆ ಮೊದಲು ನೀರು, ಯಾವ ತೋಟಕ್ಕೆ ಪರಿಹಾರ ಎಂಬ ನಿರ್ಣಯವು ಸಂಸಾರಗಳ ಅಳಿವು ಉಳಿವಿನ ಮಾತಾಗುವುದು. ಹನ್ನೆರಡು ದಿನಗಳಿಗೊಮ್ಮೆ ದೊರೆಯುವ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ಮಣ್ಣಿನ ತೇವವು ಕುಗ್ಗುತ್ತಿರುವುದು ಮರ ಬಾಡುವ ಮೊದಲೇ ತಿಳಿಯಬಹುದು, ಇದು ಮಹೋಪಕಾರ. ಆದರೆ ಎಂಟು ಒಂಬತ್ತು ಮೀಟರು ಅಂತರದಲ್ಲಿ ನೆಟ್ಟ ಮರಗಳನ್ನು ಒಂದೊಂದಾಗಿ ಎಣಿಸುವುದು ಈ ಚಿತ್ರಗಳಿಂದ ಸಾಧ್ಯವೆಂದು ನಂಬತಕ್ಕುದಲ್ಲ. 1998ರಲ್ಲಿ ಕೇರಳದಲ್ಲಿ ಮೊದಲು ವರದಿಯಾಗಿ ಬಳಿಕ ಈ ಸೀಮೆಯನ್ನೂ ಪೀಡಿಸಿದ ನುಸಿಯು ಎಳಗಾಯಿಯ ತೊಟ್ಟಿನ ಮರೆಯಲ್ಲಿ ಅಡಗಿರುವುದು. ಅದನ್ನು ಮರ ಹತ್ತಿದವನೇ ಕಾಣಬೇಕು. ಚಿತ್ರವೊಂದನ್ನೇ ನೆಚ್ಚಿ ಪರಿಹಾರವನ್ನು ನಿರಾಕರಿಸುವುದು, ಕಾಯನ್ನು ಕುಲುಕದೆಯೇ ಕೊಬ್ಬರಿಯಾಗಿಲ್ಲವೆಂದು ತೀರ್ಪು ಕೊಟ್ಟಂತೆ.

ಇಷ್ಟರಿಂದ ಎರಡು ವಿಷಯಗಳು ಸಿದ್ಧಿಸುವುವು. ಈ ವಿದ್ಯೆಯು ಪುರಾಣದಿಂದ ಇಳಿದು ಬಂದುದೂ ಅಲ್ಲ, ಪೂರ್ಣವಾಗಿ ಪರಕೀಯವೂ ಅಲ್ಲ. ಮೈಸೂರಿನ ಮನೆಯೊಂದರಿಂದಲೂ, ಬೆಂಗಳೂರಿನ ಪ್ರಯೋಗಶಾಲೆಯಿಂದಲೂ, ನಂಜನಗೂಡಿನ ಹೆಣ್ಣುಮಗಳೊಬ್ಬರ ಪಾಠದಿಂದಲೂ ಕನ್ನಡನಾಡಿನಲ್ಲಿ ಬೇರುಬಿಟ್ಟುದು. ಎರಡನೆಯದಾಗಿ, ಬೇರುಬಿಟ್ಟ ವಿದ್ಯೆಯು ಫಲಕ್ಕೆ ಬರುವುದು ಅದರ ತತ್ತ್ವವೂ ಮಿತಿಯೂ ತೆಂಗಿನ ತೋಟದವನಿಗೆ ಅವನ ಭಾಷೆಯಲ್ಲಿಯೇ ತಿಳಿದಾಗ. ಚಿತ್ರದ ಕಪ್ಪುಬಿಳುಪನ್ನು ಓದಬಲ್ಲ ರೈತನು, ಅದು ತಪ್ಪಿದೆಯೆಂದು ಹೇಳಲೂ ಬಲ್ಲವನಾಗುವನು. ಅನುಮಾನವನ್ನು ಕಿವಿಯಿಂದ ಅಭ್ಯಾಸಮಾಡಿದ ಸೀಮೆಗೆ ಅದು ಹೊಸ ಪಾಠವೇನೂ ಆಗಲಾರದು.