ಅರಿಕುಠಾರದ ಶಾಸನವೂ ಸಮಾಜದ ಒಗ್ಗಟ್ಟಿನ ಅಳತೆಯೂ

ಸಮಾಜದ ಒಗ್ಗಟ್ಟನ್ನು ಕುರಿತು ನಮ್ಮ ಸಭೆಗಳಲ್ಲಿ ಮಾತು ವಿಪುಲವಾಗಿದೆ. ಅದರ ಲಕ್ಷಣವೇನು, ಅದನ್ನು ಅಳೆಯುವುದೆಂತು ಎಂಬ ವಿಚಾರ ವಿರಳ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಅವರು ಶ್ರಮವಿಭಜನೆಯನ್ನು ಕುರಿತ ತಮ್ಮ 1893ರ ಗ್ರಂಥದಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡರು. ಒಂದೇ ನಂಬಿಕೆ, ಒಂದೇ ನಡೆಯವರ ಸಾಮ್ಯದಿಂದ ಹುಟ್ಟುವ ಒಗ್ಗಟ್ಟು ಒಂದು ಬಗೆ. ಭಿನ್ನ ಕಸುಬಿನವರ ಪರಸ್ಪರಾವಲಂಬನೆಯಿಂದ ಹುಟ್ಟುವುದು ಇನ್ನೊಂದು ಬಗೆ. ಒಗ್ಗಟ್ಟು ಒಳಗಣ ವಸ್ತುವಾದುದರಿಂದ ಅದನ್ನು ನೇರವಾಗಿ ಅಳೆಯಲಾಗದು, ಹೊರಗೆ ಕಾಣುವ ಕಾನೂನಿನಿಂದ ಅಳೆಯಬೇಕೆಂಬುದು ಅವರ ಮತ. ತಪ್ಪಿತಸ್ಥನನ್ನು ದಂಡಿಸುವ ಕಾನೂನು ಮೊದಲನೆಯ ಬಗೆಯ ಗುರುತು. ಕೆಟ್ಟುದನ್ನು ಮೊದಲಿನ ಸ್ಥಿತಿಗೆ ತರುವ ಕಾನೂನು ಎರಡನೆಯದರ ಗುರುತು.

ಇಂಥ ಹೊರಗುರುತೊಂದು ನಮ್ಮಲ್ಲಿಯೇ ಇದೆ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೆಸರಿಡುವವರೆಗೆ ಚಾಮರಾಜನಗರವು ಅರಿಕುಠಾರವೆನಿಸಿತ್ತು. ಹೊಯ್ಸಳ ವಿಷ್ಣುವರ್ಧನನ ಸಂಧಿವಿಗ್ರಹಿಯೂ ದಂಡನಾಯಕನೂ ಆಗಿದ್ದ ಪುಣಿಸಮಯ್ಯನು ಇಲ್ಲಿ ಬಸದಿಯನ್ನು ಕಟ್ಟಿಸಿದನು. ಪಾರ್ಶ್ವನಾಥ ಬಸದಿಯ 1117ರ ಶಾಸನವು ಅವನ ಒಂದು ಗುಣವನ್ನು ವಿಶೇಷವಾಗಿ ಹೊಗಳುತ್ತದೆ. ನಷ್ಟಕ್ಕೊಳಗಾದ ವರ್ತಕ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡ ಕಿರಾತ ನಾಯಕ, ಇವರಿಗೆ ಅವರವರು ಕಳೆದುಕೊಂಡುದನ್ನು ಕೊಟ್ಟು ಅವನು ಪೊರೆದನಂತೆ. ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ಕಲ್ಲಿನಲ್ಲಿ ಕೊರೆಯಲು ಯೋಗ್ಯವೆಂದು ಆ ಕಾಲವು ಎಣಿಸಿದ ಗುಣ ಯಾವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭಿಕ್ಷೆಗೂ ಇದಕ್ಕೂ ಅಂತರವುಂಟು. ಅನ್ನವಿಕ್ಕಿದರೆ ಒಂದು ದಿನದ ಹಸಿವು ಹಿಂಗುವುದು. ಬೀಜ ಕೊಟ್ಟರೆ ಒಕ್ಕಲಿಗನು ಮರಳಿ ಒಕ್ಕಲಿಗನಾಗುವನು. ಬಂಡವಾಳ ಕೊಟ್ಟರೆ ವರ್ತಕನು ಮರಳಿ ಅಂಗಡಿ ತೆರೆಯುವನು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಸ್ಥಿತೀಕರಣವು ಧರ್ಮಮಾರ್ಗದಿಂದ ಜಾರುವವನನ್ನು ಮತ್ತೆ ನೆಲೆಗೊಳಿಸುವುದು. ಜೀವನೋಪಾಯದಲ್ಲಿ ಜಾರಿದವನಿಗೂ ಅದನ್ನು ಅನ್ವಯಿಸಬಹುದೆಂದು ನನ್ನ ಅಭಿಪ್ರಾಯ.

ಆದರೆ ಅದೇ ಶಾಸನಕ್ಕೆ ಇನ್ನೊಂದು ಮುಖವಿದೆ. ಪುಣಿಸಮಯ್ಯನು ತೋಡರನ್ನು ಬೆದರಿಸಿದುದನ್ನೂ ನೀಲಗಿರಿಯನ್ನು ಗೆದ್ದುದನ್ನೂ ಅದು ಅಷ್ಟೇ ಅಭಿಮಾನದಿಂದ ಸಾರುತ್ತದೆ. ಗುಂಡ್ಲುಪೇಟೆಯಿಂದ ತೆಂಕಣಕ್ಕೆ ಹೊರಟ ದಾರಿ ಇಂದಿಗೂ ಆ ಬೆಟ್ಟಗಳನ್ನೇ ಏರುತ್ತದೆ. ಒಳಗಿನವರಿಗೆ ಬೀಜ, ಹೊರಗಿನವರಿಗೆ ಭಯ ಎಂದಾದರೆ ಒಗ್ಗಟ್ಟಿನ ಲೆಕ್ಕದಲ್ಲಿ ಜಮೆಯೊಂದನ್ನೇ ಬರೆದು ಖರ್ಚನ್ನು ಬಿಟ್ಟಂತಾಗುವುದು. ಪರಸ್ಪರ ಉಪಕಾರವನ್ನು ಜೀವಗಳ ಕಾರ್ಯವೆಂದು ತಿಳಿಸಿದ ಉಮಾಸ್ವಾಮಿಗಳು ಅದಕ್ಕೆ ಕುಲದ ಗಡಿಯನ್ನಾಗಲಿ ನಾಡಿನ ಗಡಿಯನ್ನಾಗಲಿ ಹಾಕಲಿಲ್ಲ.

ಆದುದರಿಂದ ನಮ್ಮ ಸಂಘಗಳು ವರ್ಷಾಂತ್ಯದಲ್ಲಿ ಉತ್ಸವಕ್ಕೆ ನೆರೆದವರನ್ನು ಎಣಿಸುವುದರೊಂದಿಗೆ ಇನ್ನೆರಡು ಅಂಕಣಗಳನ್ನು ತೆರೆಯಲಿ: ಬಿದ್ದವರಲ್ಲಿ ಮರಳಿ ತಮ್ಮ ಕಸುಬಿನಲ್ಲಿ ನಿಂತವರೆಷ್ಟು? ಅವರಲ್ಲಿ ನಮ್ಮವರಲ್ಲದವರೆಷ್ಟು? ಮಳೆ ತಪ್ಪಿದ ವರ್ಷದ ಲೆಕ್ಕದಲ್ಲಿಯಾದರೂ ಇವು ಬರಿದಾಗದಿರಲಿ.