ಹೊರಬಾಗಿಲಿಲ್ಲದ ಮನೆ: ಚರಿತ್ರೆಯ ಸಂಶಯ ಮತ್ತು ಲಿಂಗಸುಗೂರು ಸೀಮೆಯ ಶರಣ ಪರಂಪರೆ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರ ಎಂದರೆ ರಾಯಚೂರು ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಅಲ್ಲಿನ ದೇವರು, ಅಲ್ಲಿನ ಜಾತ್ರೆ. ವಚನ ಓದಿದವರಿಗೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯೂ ನೆನಪಾಗುತ್ತಾರೆ. ಇಬ್ಬರ ಅಂಕಿತದಲ್ಲೂ ಈ ದೇವರೇ ಇದ್ದಾನೆ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ, ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ದುಡಿಮೆಗೂ ಕೈಲಾಸಕ್ಕೂ ಭೇದವಿಲ್ಲ ಎಂದ ಆ ಪ್ರಸಿದ್ಧ ಮಾತನ್ನು ನಾಡಿನ ಗೋಡೆಬರಹಗಳೂ ವೇದಿಕೆಯ ಭಾಷಣಗಳೂ ಬಸವಣ್ಣನ ಲೆಕ್ಕಕ್ಕೆ ಬರೆದುಬಿಟ್ಟಿವೆ. ಸಂಪಾದಿತ ವಚನ ಸಂಪುಟಗಳನ್ನು ತೆರೆದರೆ ಅದು ಸಿಗುವುದು ಮಾರಯ್ಯನ ವಚನದಲ್ಲಿ.

ಈ ತಿದ್ದುಪಡಿಯಿಂದ ಯಾರ ಭಕ್ತಿಗೂ ಪೆಟ್ಟು ಬೀಳುವುದಿಲ್ಲ. ಈ ಸೀಮೆಯವರಿಗೆ ಅದು ಅಭಿಮಾನದ ಸಂಗತಿಯೂ ಹೌದು. ತೊಡಕು ಶುರುವಾಗುವುದು ಮುಂದಿನ ಪ್ರಶ್ನೆಯಿಂದ. ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದ್ದಕ್ಕಿಂತ ಹೆಚ್ಚಿನದು ಆಸೆಯೆಂದು ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ಅದಕ್ಕೆ ಆಧಾರವೇನು? ಆ ಪ್ರಸಂಗ ಪೂರ್ಣ ರೂಪದಲ್ಲಿ ಕಾಣುವುದು ಗೂಳೂರು ಸಿದ್ಧವೀರಣ್ಣೊಡೆಯನ ಶೂನ್ಯಸಂಪಾದನೆಯಲ್ಲಿ. ಶರಣರು ಬದುಕಿದ ಕಾಲಕ್ಕೂ ಆ ಕೃತಿಗೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಕವಿ ಹರಿಹರನು ಶರಣರ ಕಾಲಕ್ಕೆ ಬಹಳ ಹತ್ತಿರದವನು. ಅವನ ಬಸವರಾಜದೇವರ ರಗಳೆಯಲ್ಲಿ ಅನುಭವ ಮಂಟಪದ ಆ ವೈಭವದ ಚಿತ್ರವಿಲ್ಲ. ಶೂನ್ಯಪೀಠದ ಮೇಲೆ ಕೂತ ಅಲ್ಲಮ, ಸುತ್ತ ನೆರೆದ ಶರಣರು, ಸರದಿಯ ಚರ್ಚೆ ಇವೆಲ್ಲ ವಿಸ್ತಾರವಾಗಿ ಬೆಳೆದದ್ದು 15ನೇ ಶತಮಾನದ ಸಂಕಲನಕಾರರ ಕೈಯಲ್ಲಿ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಚನಗಳನ್ನು ಹುಡುಕಿ, ಜೋಡಿಸಿ, ಟೀಕೆ ಬರೆದವರು ಒಂದು ಪರಂಪರೆಯನ್ನು ಉಳಿಸಿದರು, ಅದರ ಜೊತೆಗೇ ಅದಕ್ಕೊಂದು ರೂಪವನ್ನೂ ಕೊಟ್ಟರು. ಅವರಿಲ್ಲದಿದ್ದರೆ ಮಾರಯ್ಯನ ಹೆಸರೇ ನಮಗೆ ತಲುಪುತ್ತಿರಲಿಲ್ಲ.

ತನ್ನ ಧರ್ಮದ ಚರಿತ್ರೆ ಕೇಳಿಕೊಂಡು ಬಂದಂತೆಯೇ ನಡೆದಿಲ್ಲವೆಂದು ತಿಳಿದಾಗ ನಂಬಿಕಸ್ಥ ಏನು ಮಾಡುತ್ತಾನೆ? ಈ ಪ್ರಶ್ನೆಯನ್ನು ಜಗತ್ತಿನಲ್ಲಿ ಅತ್ಯಂತ ತೀಕ್ಷ್ಣವಾಗಿ ಎದುರಿಸಿದ ಸಮುದಾಯಗಳಲ್ಲಿ ಅಮೆರಿಕದ ಮಾರ್ಮನ್ನರದು ಒಂದು. ಆ ಧರ್ಮ ಹುಟ್ಟಿದ್ದು 1830ರಲ್ಲಿ. ಅದರ ಸ್ಥಾಪಕ ಜೋಸೆಫ್ ಸ್ಮಿತ್‌ನ ಕಾಲದ ಪತ್ರಗಳು, ದಿನಚರಿಗಳು, ಕೋರ್ಟಿನ ಕಾಗದಗಳು ಉಳಿದಿವೆ. ಪುರಾಣಕ್ಕೆ ಮರೆಯಾಗಲು ಮಬ್ಬುಗತ್ತಲೇ ಸಿಗದಷ್ಟು ಹತ್ತಿರದ ಕಾಲ ಅದು. 1945ರಲ್ಲಿ ಫಾನ್ ಬ್ರೋಡಿ ಸ್ಮಿತ್‌ನ ನಿಷ್ಠುರ ಜೀವನಚರಿತ್ರೆ ಪ್ರಕಟಿಸಿದರು. ಮರುವರ್ಷವೇ ಚರ್ಚು ಅವರನ್ನು ಬಹಿಷ್ಕರಿಸಿತು. ಮುಂದೆ ಚರ್ಚಿನ ಅಧ್ಯಕ್ಷರಾದ ಡೇವಿಡ್ ಮೆಕೇ ಬ್ರೋಡಿಯವರ ಸ್ವಂತ ದೊಡ್ಡಪ್ಪ. 1950ರಲ್ಲಿ ವಾನಿಟಾ ಬ್ರೂಕ್ಸ್ ಇನ್ನೂ ನೋವಿನ ವಿಷಯ ಕೈಗೆತ್ತಿಕೊಂಡರು. 1857ರ ಸೆಪ್ಟೆಂಬರ್ 11ರಂದು ಯೂಟಾದ ಮೌಂಟನ್ ಮೆಡೋಸ್‌ನಲ್ಲಿ ಮಾರ್ಮನ್ ಸೇನಾಪಡೆಯವರು ಸುಮಾರು 120 ವಲಸಿಗರನ್ನು ಕೊಂದ ಘಟನೆ ಅದು. ಊರವರು ಮುಖ ತಿರುಗಿಸಿದರೂ ಬ್ರೂಕ್ಸ್ ಚರ್ಚು ಬಿಡಲಿಲ್ಲ, ಚರ್ಚೂ ಅವರನ್ನು ಹೊರಹಾಕಲಿಲ್ಲ. ಮೈಕಲ್ ಕ್ವಿನ್ ಅವರದು ಇನ್ನೊಂದು ಬಗೆ. 1993ರಲ್ಲಿ ಬಹಿಷ್ಕಾರಕ್ಕೊಳಗಾದ ಈ ಇತಿಹಾಸಕಾರ 2021ರಲ್ಲಿ ತೀರಿಕೊಳ್ಳುವವರೆಗೂ ತಾನು ನಂಬಿಕಸ್ಥನೇ ಎನ್ನುತ್ತಿದ್ದರು.

ನಂತರ ಸಂಸ್ಥೆಯೂ ಬದಲಾಯಿತು. ಸ್ಮಿತ್ ಅನುವಾದಿಸಿದ್ದೆಂದು ನಂಬಲಾಗಿದ್ದ ಅಬ್ರಹಾಮನ ಗ್ರಂಥಕ್ಕೆ ಸಂಬಂಧಿಸಿದ ಪಪೈರಸ್ ತುಣುಕುಗಳು 1967ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಿಂದ ಚರ್ಚಿಗೆ ಮರಳಿದವು. ಅವು ಸಾಮಾನ್ಯ ಈಜಿಪ್ಟ್ ಶವಸಂಸ್ಕಾರದ ಪಠ್ಯಗಳೆಂದು ವಿದ್ವಾಂಸರು ಓದಿ ಹೇಳಿದರು. 2013ರಿಂದ 2015ರವರೆಗೆ ಚರ್ಚೇ ಸರಣಿ ಪ್ರಬಂಧಗಳನ್ನು ಹೊರತಂದು ಆ ಪಪೈರಸ್ಸಿನ ಸಮಸ್ಯೆಯನ್ನೂ ಸ್ಥಾಪಕನ ಬಹುಪತ್ನಿತ್ವವನ್ನೂ ಒಪ್ಪಿ ಬರೆಯಿತು. ಬೆಂಗಳೂರಿನಲ್ಲಿ ಈ ಚರ್ಚಿನ ಮಿಷನ್ 1993ರಿಂದ ಇದೆ, ಅಲ್ಲೊಂದು ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಣೆಯಾಯಿತು. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿಗೆ ಬೇಕಾದದ್ದು ಆ ಧರ್ಮದ ಅನುಭವದಲ್ಲಿರುವ ಒಂದು ಮುಖ್ಯ ಸಂಗತಿ. ಅಲ್ಲಿ ಎಂಟನೇ ವಯಸ್ಸಿಗೆ ದೀಕ್ಷಾಸ್ನಾನವಾಗುತ್ತದೆ, ಹೆಸರು ದಾಖಲೆ ಪುಸ್ತಕಕ್ಕೆ ಏರುತ್ತದೆ, ದೇವಾಲಯ ಪ್ರವೇಶಕ್ಕೆ ಸಂದರ್ಶನ ನಡೆಸಿ ಚೀಟಿ ಕೊಡುತ್ತಾರೆ. ಬಿಡಬೇಕೆಂದರೆ ಪತ್ರ ಬರೆದು ಹೆಸರು ತೆಗೆಸಬಹುದು. ಆ ಮನೆಗೆ ಹೊರಬಾಗಿಲಿದೆ.

ಲಿಂಗಾಯತದ ಮನೆಗೆ ಅಂಥ ಬಾಗಿಲಿಲ್ಲ. ಲಿಂಗಸುಗೂರಿನಲ್ಲಾಗಲಿ ಸಿಂಧನೂರಿನಲ್ಲಾಗಲಿ ಯಾವ ಮಠದಲ್ಲೂ ಭಕ್ತರ ರಾಜೀನಾಮೆ ಸ್ವೀಕರಿಸುವ ಪದ್ಧತಿಯಿಲ್ಲ. ಕೊರಳಲ್ಲಿ ಲಿಂಗವಿಲ್ಲದವನೂ, ಅನುಭವ ಮಂಟಪದ ಚಿತ್ರವನ್ನು ಅನುಮಾನಿಸುವವನೂ ಮದುವೆಯ ಮಾತುಕತೆಯಲ್ಲಿ, ಹೊಲದ ನೆರೆಹೊರೆಯಲ್ಲಿ, ಕೊನೆಗೆ ಮಣ್ಣು ಮಾಡುವ ಕ್ರಮದಲ್ಲಿ ಅದೇ ಮನೆಯವನು. ಹೀಗಾಗಿ ಸಂಶಯಿಗೆ ಹೋಗುವ ಕಷ್ಟವಿಲ್ಲ, ಬಾಯಿ ಬಿಡುವ ಕಷ್ಟವಿದೆ. ಮಾರ್ಮನ್ ಸಂಸ್ಥೆ ಸದಸ್ಯತ್ವದ ಮೇಲೆ ಹಿಡಿತ ಸಾಧಿಸಿದರೆ, ಇಲ್ಲಿ ಸಮುದಾಯ ಮಾತಿನ ಮೇಲೆ ಹಿಡಿತ ಸಾಧಿಸಿತು. ಕನ್ನಡ ಸಂಶೋಧನೆಯ ಇತ್ತೀಚಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಸಂಶೋಧಕ ಎಂ. ಎಂ. ಕಲಬುರ್ಗಿಯವರ 'ಮಾರ್ಗ'ದ ಮೊದಲ ಸಂಪುಟದಲ್ಲಿ ಬಸವಣ್ಣನ ಸೋದರಳಿಯ ಚನ್ನಬಸವಣ್ಣನ ಜನನ ಹಾಗೂ ಪತ್ನಿ ನೀಲಾಂಬಿಕೆಯ ದಾಂಪತ್ಯದ ಬಗ್ಗೆ ವಚನಗಳ ಆಧಾರದಿಂದ ಬರೆದ ಪ್ರಬಂಧಗಳಿದ್ದವು. ಪ್ರತಿಭಟನೆ, ಬೆದರಿಕೆಗಳ ನಡುವೆ 1989ರಲ್ಲಿ ಅವರು ತಮ್ಮ ನಿಲುವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದ ಜೀವ ಉಳಿಸಲು ಹಾಗೆ ಮಾಡಿದೆ, ಅಂದು ತನ್ನ ಬುದ್ಧಿಯ ಆತ್ಮಹತ್ಯೆಯೂ ಆಯಿತು ಎಂಬರ್ಥದ ಮಾತನ್ನು ಅವರು ನಂತರ ಹೇಳಿದರು. ಆದರೂ ಅವರು ಎಲ್ಲಿಗೂ ಹೋಗಲಿಲ್ಲ. ನಾಲ್ಕೇ ವರ್ಷಗಳಲ್ಲಿ, 1993ರಲ್ಲಿ, ಅವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳು ಬಂದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿರುವ ಆ ಸಂಪುಟಗಳನ್ನೇ ಇಂದು ಮಠಗಳ ಪ್ರವಚನಕಾರರೂ ತೆರೆಯುತ್ತಾರೆ. ಲಿಂಗಾಯತ ಸ್ವತಂತ್ರ ಧರ್ಮವೆಂದು ಗಟ್ಟಿಯಾಗಿ ವಾದಿಸಿದವರಲ್ಲೂ ಅವರು ಮುಂದಿದ್ದರು. ಪ್ರಶ್ನೆ ಕೇಳಿದವನೇ ಆ ಧರ್ಮದ ಗ್ರಂಥಭಂಡಾರವನ್ನು ಕಟ್ಟಿಕೊಟ್ಟ. ಈ ಸಂಗತಿಗೆ ಸಿಗಬೇಕಾದ ತೂಕ ಇನ್ನೂ ಸಿಕ್ಕಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಆ ಹತ್ಯೆಯನ್ನು 1989ರ ವಿವಾದಕ್ಕೆ ನೇರವಾಗಿ ಗಂಟುಹಾಕುವುದು ಸರಿಯಲ್ಲ; ತನಿಖೆ ಹಿಡಿದ ದಾರಿ ಬೇರೆ. ಆದರೆ ಸಮುದಾಯದೊಳಗಿನ ಆ ಹಳೆಯ ಬೆದರಿಕೆಯ ಭಾರ ಅದರಿಂದ ಹಗುರವಾಗುವುದಿಲ್ಲ.

ಬಸವಣ್ಣನನ್ನು ಕುರಿತ ಪಿ. ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿ, ಬಂಜಗೆರೆ ಜಯಪ್ರಕಾಶರ 'ಆನು ದೇವಾ ಹೊರಗಣವನು' ಇವಕ್ಕೂ ಇಂಥದೇ ಗತಿಯಾಯಿತು. ಒಂದಕ್ಕೆ ನಿಷೇಧ, ಇನ್ನೊಂದು ವಾಪಸು.

ಚರಿತ್ರೆಯ ಪರೀಕ್ಷೆ ನಂಬಿಕೆಯಿಂದ ಕಿತ್ತುಕೊಳ್ಳುವುದೇ ಹೆಚ್ಚು ಎಂಬ ಭಯ ಈ ಎಲ್ಲ ಗದ್ದಲದ ಬೇರಿನಲ್ಲಿದೆ. ಈ ನೆಲದ ಕಲ್ಲುಗಳು ಹೇಳುವುದು ಬೇರೆ. 19ನೇ ಶತಮಾನದ ಕೊನೆಗೆ ಶಾಸನತಜ್ಞ ಜೆ. ಎಫ್. ಫ್ಲೀಟ್, ಅಬ್ಬಲೂರಿನ ಶಾಸನಗಳನ್ನು ಓದಿ, ಈ ಧರ್ಮೋತ್ಥಾನದ ನಿಜವಾದ ನಾಯಕ ಏಕಾಂತದ ರಾಮಯ್ಯ ಇರಬೇಕೆಂದು ಬರೆದರು. ಬಸವಣ್ಣನ ಬಗ್ಗೆ ಸಮಕಾಲೀನ ಶಾಸನವಿಲ್ಲ ಎಂಬುದು ಆಗ ದೊಡ್ಡ ತೊಡಕಾಗಿತ್ತು. ಆಮೇಲೆ ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಬೆಳಕಿಗೆ ಬಂತು. ಸೇವುಣರ ಕಾಲದ, 1260ರ ಆ ಬರಹದಲ್ಲಿ ಬಸವಣ್ಣನೂ ಅವನ ವಂಶದವರೂ ಇದ್ದಾರೆ. ಭಕ್ತರು ಹೇಳುತ್ತ ಬಂದದ್ದನ್ನು ಕಲ್ಲು ಎತ್ತಿಹಿಡಿಯಿತು. ಆದರೆ ಮಂಟಪದ ಏಳುನೂರ ಎಪ್ಪತ್ತು ಅಮರಗಣಂಗಳ ಬಗ್ಗೆ ಏನನ್ನೂ ಹೇಳಲಿಲ್ಲ. ಕಲ್ಲಿನ ಸಾಕ್ಷ್ಯಕ್ಕಿರುವ ಮಿತಿ ಅದು.

ರಾಯಚೂರು ಜಿಲ್ಲೆಯದೇ ಆದ ಮಸ್ಕಿಯ ಕಲ್ಲು ಇದಕ್ಕಿಂತ ದೊಡ್ಡ ಸಂಶಯವನ್ನು ಬಗೆಹರಿಸಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೆ ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಅರಸನ ಶಾಸನಗಳು ದೇಶದ ಉದ್ದಗಲಕ್ಕೂ ಸಿಗುತ್ತಿದ್ದವು. ಆ ಅರಸ ಬೌದ್ಧ ಗ್ರಂಥಗಳ ಅಶೋಕನೇ ಎಂಬುದು ಸಿಂಹಳದ ವೃತ್ತಾಂತಗಳ ಬಲದ ಮೇಲೆ ಕಟ್ಟಿದ ಊಹೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಬಂಡೆಬರಹ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಮಾಲೆಯ ಮೊದಲ ಕೃತಿಯಾಗಿ ಪ್ರಕಟಿಸಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ನಿಟ್ಟೂರು ಮತ್ತು ಉಡೇಗೋಳಗಳಲ್ಲೂ ಮುಂದೆ ಆ ಹೆಸರು ಸಿಕ್ಕಿತು.

ಮಸ್ಕಿ ಶಾಸನದ ಒಳಗಿನ ವಿಷಯ ಈ ಚರ್ಚೆಗೆ ಇನ್ನೂ ಹತ್ತಿರದ್ದು. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ದಾಟಿತೆಂದು ಅರಸ ಹೇಳಿಕೊಳ್ಳುತ್ತಾನೆ. ಇದೇ ಶಾಸನದ ಬ್ರಹ್ಮಗಿರಿ ಪಾಠದ ಪ್ರಕಾರ ಆ ಪೈಕಿ ಒಂದು ವರ್ಷ ಅವನಲ್ಲಿ ಹೆಚ್ಚಿನ ಶ್ರದ್ಧೆ ಇರಲಿಲ್ಲ, ಸಂಘದ ಒಡನಾಟ ಸಿಕ್ಕಮೇಲೆ ಅದು ಬಲಿಯಿತು. ಚಕ್ರವರ್ತಿಯೊಬ್ಬ ತನ್ನ ನಂಬಿಕೆಯ ದುರ್ಬಲ ದಿನಗಳನ್ನು ಬಂಡೆಯ ಮೇಲೆ ಕೊರೆಸಿದ್ದಾನೆ. ಭಾರತದ ಧಾರ್ಮಿಕ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ದಾಖಲೆಗಳು ವಿರಳ. ದೊಡ್ಡವರಂತೆ ಸಣ್ಣವರೂ ಧರ್ಮದಲ್ಲಿ ತೊಡಗಿದರೆ ಉನ್ನತಿ ಪಡೆಯಬಲ್ಲರೆಂಬ ಮಾತೂ ಅಲ್ಲಿದೆ.

ಬೌದ್ಧಧರ್ಮ ಸೇರಿದ ಅಂಬೇಡ್ಕರರನ್ನು ಇಲ್ಲಿ ನೆನೆಯಲೇಬೇಕು. ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು. ಅವರ 'ಬುದ್ಧ ಮತ್ತು ಆತನ ಧಮ್ಮ' ಮರುವರ್ಷ, ಅವರ ನಿಧನಾನಂತರ, ಹೊರಬಂತು. ಮುದುಕ, ರೋಗಿ, ಶವಗಳನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟನೆಂಬ ಕಥೆ ತರ್ಕಕ್ಕೆ ನಿಲ್ಲುವುದಿಲ್ಲವೆಂದು ಆ ಗ್ರಂಥದ ಪ್ರಸ್ತಾವನೆಯೇ ಹೇಳುತ್ತದೆ. ಬದಲಿಗೆ ರೋಹಿಣಿ ನದಿಯ ನೀರಿನ ಜಗಳವನ್ನು ಕಾರಣವಾಗಿ ಗ್ರಂಥ ಕಟ್ಟಿಕೊಡುತ್ತದೆ. ಚರಿತ್ರೆಯ ಸಂಶಯ ಅವರನ್ನು ಧರ್ಮದಿಂದ ಹೊರಗಟ್ಟಲಿಲ್ಲ. ಸಂಶಯವನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಒಳಗೆ ಬಂದರು. ಕಲಬುರ್ಗಿಯವರು ಉಳಿದ ರೀತಿಗೂ ಅಂಬೇಡ್ಕರರು ಸೇರಿದ ರೀತಿಗೂ ಇರುವ ನಂಟು ಆಳವಾದದ್ದು: ಇಬ್ಬರಿಗೂ ಧರ್ಮದ ಸತ್ಯ ಅದರ ನೀತಿಯಲ್ಲಿತ್ತು, ಕಥೆಯ ವಿವರ ಪರೀಕ್ಷೆಗೆ ಮುಕ್ತವಾಗಿತ್ತು.

ಲಿಂಗಸುಗೂರು, ಸಿಂಧನೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಬದುಕು ಬೇರೆ ಬಗೆಯ ಉದಾಹರಣೆಗಳನ್ನೂ ಕೊಡುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದ ಬಂದ ಕನ್ನಡ ಮಾತಿನ ಕ್ಯಾಥೋಲಿಕ್ ಸಮುದಾಯವಿದೆ. ಅದೇ ಊರಿನ ಮೊಹರಂಗೆ ಸುತ್ತಲಿನ ಹಿಂದೂ ಮನೆಗಳವರು ಹರಕೆ ಹೊತ್ತು ಬರುತ್ತಾರೆ, ಯಾರ ಧರ್ಮವೂ ಅದರಿಂದ ಬದಲಾಗುವುದಿಲ್ಲ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿರುವ ಬಂಗಾಳಿ ಕುಟುಂಬಗಳ ಹಿರಿಯರು ಪೂರ್ವ ಬಂಗಾಳದಲ್ಲಿ ನೆಲ ಬಿಟ್ಟು ಬಂದವರು, ಧರ್ಮ ಬಿಟ್ಟವರಲ್ಲ. ಉಳಿಯುವುದಕ್ಕೂ ಬೆಲೆ ತೆತ್ತವರಿದ್ದಾರೆ ಎಂಬುದನ್ನು ಮತಾಂತರದ ಚರ್ಚೆ ಹಲವು ಸಲ ಮರೆಯುತ್ತದೆ.

ಲಿಂಗಾಯತದಲ್ಲಿ ಸಂಶಯ ಹೊರಹೋಗುವ ದಾರಿ ಕಾಣದೆ ಹೆಸರಿನ, ಪಾಠದ, ನಮೂನೆಯ ಜಗಳವಾಗಿ ಹರಿಯಿತು. ಮಾತೆ ಮಹಾದೇವಿ 'ವಚನ ದೀಪ್ತಿ'ಯಲ್ಲಿ ಬಸವಣ್ಣನ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದರು. ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪಾಠವನ್ನು ತಿದ್ದಿ ನಂಬಿಕೆ ಗಟ್ಟಿಮಾಡುವುದು ಇತಿಹಾಸಕಾರನ ದೃಷ್ಟಿಯಲ್ಲಿ ತಪ್ಪೇ. ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಹಸ್ತಪ್ರತಿಯೇ ಹೊರತು ಪೊಲೀಸರಲ್ಲ. 2018ರ ಮಾರ್ಚ್ 19ರಂದು ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕುರಿತ ನಾಗಮೋಹನದಾಸ್ ಸಮಿತಿಯ ವರದಿಯನ್ನು ರಾಜ್ಯ ಸಂಪುಟ ಒಪ್ಪಿತು, ಕೇಂದ್ರ ಒಪ್ಪಲಿಲ್ಲ. ಧರ್ಮದ ಮೂಲ ವೀರಶೈವ ಪರಂಪರೆಯ ಪಂಚಾಚಾರ್ಯರೋ ಬಸವಣ್ಣನೋ ಎಂಬ ಶಾಸನ ಮತ್ತು ಗ್ರಂಥಗಳ ಪ್ರಶ್ನೆ ಅಂದಿನಿಂದ ಚುನಾವಣೆಯ ಪ್ರಶ್ನೆಯಾಗಿಬಿಟ್ಟಿತು.

2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ಸಂಘಟನೆಗಳು ಬೇರೆ ಬೇರೆ ಕರೆ ಕೊಟ್ಟವು. ಹಿಂದೂ, ವೀರಶೈವ ಲಿಂಗಾಯತ, ಲಿಂಗಾಯತ: ಬರೆಸಿದ್ದು ಯಾವುದೇ ಇರಲಿ, ಆ ಉತ್ತರ ನಂಬಿಕೆಯ ಅಳತೆಯಾಗಲಾರದು. ಆದ್ದರಿಂದ ಈ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡುವ ಸಂಶೋಧಕರು ಕಾಲಂ ಬಿಟ್ಟು ನಡೆಯನ್ನು ಕೇಳಬೇಕು: ಕೂಸಿಗೆ ಲಿಂಗ ಕಟ್ಟುವವರು ಯಾರು, ಮದುವೆಗೆ ಕರೆಸುವುದು ಯಾವ ಮಠದ ಅಯ್ಯನವರನ್ನು, ಲಕ್ಕಮ್ಮನ ಅಕ್ಕಿಯ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅದು ನಡೆದದ್ದೆಂದು ಹೇಳುತ್ತಾರೋ ಅಥವಾ ಹಾಗೆ ಬದುಕಬೇಕೆಂದು ಹೇಳುತ್ತಾರೋ.